ಒಳಗೆ ಬೀಳದ ಚೆಂಡುಗಳ ಲೆಕ್ಕ

ಹೊಸದಾಗಿ ಸೀಟಿ ಕೊರಳಿಗೆ ಹಾಕಿಕೊಂಡು ಬರುವ ಡ್ರಿಲ್ ಮೇಷ್ಟ್ರುಗಳಿಗೂ ಮೇಡಮ್ಮುಗಳಿಗೂ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಕ್ಕಳಿಗೆ ಆಟ ಆಡಿಸುವುದಕ್ಕೆ ನಿಮ್ಮನ್ನು ನೇಮಿಸಿಕೊಂಡಿದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಬಾವುಟದ ಹಗ್ಗಕ್ಕೆ ಗಂಟು ಹಾಕುವುದಕ್ಕೆ, ಸಾಹೇಬರು ಬಂದಾಗ ಕುರ್ಚಿ ಸಾಲು ಮಾಡಿಸುವುದಕ್ಕೆ, ಜನಗಣತಿಗೆ ಮನೆಮನೆ ಸುತ್ತುವುದಕ್ಕೆ, ಪಾಠ ಮುಗಿಯದ ಮೇಷ್ಟ್ರುಗಳಿಗೆ ನಿಮ್ಮ ಪೀರಿಯಡ್ಡನ್ನು ಧಾರೆ ಎರೆದು ಕೊಡುವುದಕ್ಕೆ ನಿಮ್ಮನ್ನು ತೆಗೆದುಕೊಂಡಿರುತ್ತಾರೆ. ಇಷ್ಟೆಲ್ಲ ಮುಗಿದ ಮೇಲೆ ಹೊತ್ತು ಉಳಿದಿದ್ದರೆ, ಚೆಂಡಿನಲ್ಲಿ ಗಾಳಿಯೂ ಇದ್ದರೆ, ಆಟ ಆಡಿಸಬಹುದು.

ನಾನು ಎಪ್ಪತ್ತರ ದಶಕದ ಮೊದಲಲ್ಲಿ ಹೊಳವನಹಳ್ಳಿ ಕಡೆಯ ಒಂದು ಶಾಲೆಗೆ ಸೇರಿದೆ. ಮೊದಲ ದಿನ ಸೀಟಿ ಹಾಕಿಕೊಂಡೇ ಬಸ್ಸಿಳಿದೆ. ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಯಜಮಾನರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ಯಾರ್ಲಾ ಅದು, ಪೊಲೀಸಮ್ಮನಾ?”

“ಅಲ್ಲ ಕಣ್ಲಾ, ಕಂಡಕ್ಟ್ರು ಇರ್ಬೇಕು. ಬಸ್ಸೇ ಬುಟ್ಟು ಇಳಿದವ್ಳೆ ನೋಡು, ಪಾಪ.”

ಆರು ವರ್ಷ ಅಲ್ಲಿದ್ದೆ. ಊರಿಗೆ ಹೊಸಬರು ಬಂದರೆ ಆ ಯಜಮಾನರೇ “ನಮ್ಮ ಕಂಡಕ್ಟ್ರಮ್ಮ” ಎಂದು ಪರಿಚಯ ಮಾಡಿಸುತ್ತಿದ್ದರು. ಆ ವರ್ಷಗಳದ್ದು ಬೇರೆ ಕಥೆ, ಇಲ್ಲಿ ಬೇಡ. ನಾನು ಹೇಳಹೊರಟಿದ್ದು ಬಾಸ್ಕೆಟ್ ಬಾಲಿನ ವಿಷಯ, ಅದರಲ್ಲೂ ನಾನು ಮಾಡಿದ ಒಂದು ತಪ್ಪು ಮತ್ತು ಒಂದು ಕಳ್ಳಕೆಲಸದ ವಿಷಯ. ಪಿಂಚಣಿ ಮಂಜೂರಾಗಿದೆ, ಈಗ ಹೇಳಬಹುದು.

ಅಲ್ಲಿಂದ ನನ್ನನ್ನು ಮಧುಗಿರಿ ತಾಲೂಕಿನ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಗೆ ಹಾಕಿದರು. ಶಾಲೆಯ ಹೆಸರು ಹೇಳುವುದಿಲ್ಲ. ಅಲ್ಲಿದ್ದ ಹೆಡ್ಮಾಸ್ಟರರ ಮಕ್ಕಳು ಮೊಮ್ಮಕ್ಕಳು ಒಳ್ಳೊಳ್ಳೆಯ ಕೆಲಸಗಳಲ್ಲಿದ್ದಾರೆ, ಅವರಿಗೇಕೆ ಮುಜುಗರ. ನಾನು ಹೋಗುವ ಹೊತ್ತಿಗೆ ಆ ಶಾಲೆಗೆ ಬಾಸ್ಕೆಟ್ ಬಾಲ್ ಕೋರ್ಟು ಮಂಜೂರಾಗಿತ್ತು. ಕಂಬಗಳು ಬಂದು ಹೊಂಗೆ ಮರಕ್ಕೆ ಒರಗಿಕೊಂಡಿದ್ದವು. ಕೋರ್ಟನ್ನು ಉತ್ತರ ದಕ್ಷಿಣವಾಗಿ ಹಾಕಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆಡ್ಮಾಸ್ಟರರಿಗೆ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಉತ್ತರಕ್ಕೆ ತಲೆ ಹಾಕಿ ಮನುಷ್ಯರೇ ಮಲಗಬಾರದು ಅಂತೀವಿ. ಹೆಣ್ಮಕ್ಕಳು ಆಡೋ ಕೋರ್ಟು ಮಲಗಬಹುದೇನ್ರೀ ಮೇಡಂ? ನಾಳೆ ಯಾರಾದ್ರೂ ಬಿದ್ದು ಕಾಲು ಮುರ್ಕೊಂಡ್ರೆ ನೀವು ಜವಾಬ್ದಾರೀನಾ?”

ಕೋರ್ಟು ಪೂರ್ವ ಪಶ್ಚಿಮವಾಗಿ ಮಲಗಿತು. ತಲೆ ಪೂರ್ವಕ್ಕೆ, ಕಾಲು ಪಶ್ಚಿಮಕ್ಕೆ, ಶಾಸ್ತ್ರೋಕ್ತವಾಗಿ. ನಾನೂ ತಲೆ ಆಡಿಸಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ.

ನಮ್ಮ ಹುಡುಗಿಯರು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಡುತ್ತಿದ್ದರು, ಚೆನ್ನಾಗಿಯೇ ಆಡುತ್ತಿದ್ದರು. ಆದರೆ ತುಮಕೂರಿಗೆ ಹೋದರೆ ಸೋತು ಬರುತ್ತಿದ್ದರು. ನಮ್ಮವರು ಒಂದು ಹಾಕುವಷ್ಟರಲ್ಲಿ ಅವರು ಎರಡು ಹಾಕುತ್ತಿದ್ದರು. ಸೋತು ಬಂದ ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನನ್ನ ಸ್ಕೋರ್ ಪುಸ್ತಕವನ್ನು ನೋಡಿದವರು ಬಷೀರ್ ಮೇಷ್ಟ್ರು. ಸಿರಾದವರು, ದಿನಾ ಬಸ್ಸಿನಲ್ಲಿ ಓಡಾಡಿ ಗಣಿತ ಹೇಳುತ್ತಿದ್ದರು. ನನ್ನ ಪೀರಿಯಡ್ಡನ್ನು ಒಂದು ದಿನವೂ ಕಸಿಯದ ಏಕೈಕ ಗಣಿತದ ಮೇಷ್ಟ್ರು, ಆದ್ದರಿಂದ ಅವರ ಮೇಲೆ ನನಗೆ ಗೌರವ.

“ಮೇಡಂ, ನಿಮ್ದು ಹುಡ್ಗೀರು ಎಷ್ಟು ಹಾಕಿದ್ರು, ಎಲ್ಲಾ ಬರ್ದೀರಾ. ಅವ್ರು ಹಾಕ್ಬೇಕು ಅಂತ ಬಂದಾಗ ಯಾರು ತಡೆದ್ರು, ಯಾರು ಬಿಟ್ಟುಕೊಟ್ರು, ಅದು ಎಲ್ಲಿ ಬರ್ದೀರಾ?”

“ಅದನ್ನ ಯಾರೂ ಬರೆಯಲ್ಲ ಸಾರ್.”

“ಅರೆ, ಹಾಗಾದ್ರೆ ಅರ್ಧ ಆಟ ಬರ್ದೇ ಇಲ್ಲ ನೀವು!”

ಆ ಮಾತು ತಲೆ ಹೊಕ್ಕಿತು. ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದುಕೊಂಡು ಗೆರೆ ಹಾಕಿದೆ. ದಿನದ ಅಭ್ಯಾಸದಲ್ಲಿ ಹುಡುಗಿಯರನ್ನು ಎರಡು ತಂಡ ಮಾಡಿ ಆಡಿಸುವಾಗ, ಒಬ್ಬಳು ರಿಂಗಿಗೆ ಎಸೆದಾಗಲೆಲ್ಲ ಅವಳ ಮುಂದೆ ಎದುರು ತಂಡದವಳು ಯಾರು ನಿಂತಿದ್ದಳು, ಚೆಂಡು ಬಿತ್ತೋ ಇಲ್ಲವೋ. ಒಬ್ಬೊಬ್ಬಳ ಮುಂದೆಯೂ ಹತ್ತು ಎಸೆತಕ್ಕೆ ಎಷ್ಟು ಬಿದ್ದವು. ಅವಳನ್ನು ಕೂರಿಸಿ ಬೇರೆಯವಳನ್ನು ಇಳಿಸಿದಾಗ ಎಷ್ಟು ಬಿದ್ದವು. ಭಾಗಾಕಾರವೆಲ್ಲ ಬಷೀರ್ ಮೇಷ್ಟ್ರದ್ದು. ಈಗ ಇದಕ್ಕೆ ಏನೇನೋ ದೊಡ್ಡ ಹೆಸರುಗಳಿವೆಯಂತೆ, ಯಂತ್ರಗಳೇ ಲೆಕ್ಕ ಹಾಕುತ್ತವಂತೆ. ನಾನು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಪೆನ್ಸಿಲಿನಲ್ಲಿ ಗೀಚುತ್ತಿದ್ದೆ. ಸ್ಟಾಫ್ ರೂಮಿನವರು, ಡ್ರಿಲ್ ಮೇಡಂ ಮಂತ್ರ ಬರೀತಾರೆ, ಎಂದು ನಗುತ್ತಿದ್ದರು.

ಮೂರು ತಿಂಗಳು ಬರೆದಾದ ಮೇಲೆ ಒಬ್ಬಳ ಹೆಸರು ಎದ್ದು ಕಂಡಿತು. ಸುಮಿತ್ರಾ. ತಾಲೂಕು ಕಚೇರಿಯ ಗುಮಾಸ್ತರೊಬ್ಬರ ಮಗಳು, ಒಂಬತ್ತನೇ ಕ್ಲಾಸು. ಅವಳ ಮುಂದೆ ಹತ್ತಕ್ಕೆ ಎರಡೂ ಸರಿಯಾಗಿ ಬೀಳುತ್ತಿರಲಿಲ್ಲ. ಅವಳನ್ನು ಕರೆದು, ಏನು ಮಾಡ್ತೀಯೇ ನೀನು, ಎಂದು ಕೇಳಿದೆ.

“ಏನೂ ಮಾಡಲ್ಲ ಮೇಡಂ. ನಿಂತ್ಕೋತೀನಿ ಅಷ್ಟೆ.”

ಎಂಥ ವಿನಯ ಎಂದುಕೊಂಡೆ. ಹುಡುಗಿ ಸತ್ಯ ಹೇಳುತ್ತಿದ್ದಾಳೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅದೇ ಕ್ಲಾಸಿನಲ್ಲಿ ಈರಕ್ಕ ಎಂಬ ಇನ್ನೊಬ್ಬಳಿದ್ದಳು. ಪಾವಗಡದ ಕಡೆಯ ಹಟ್ಟಿಯವಳು, ಕುರಿ ಮೇಕೆ ಸಾಕುವ ಮನೆ, ಮಧುಗಿರಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಕುಳ್ಳಿ. ಬುಟ್ಟಿಗೆ ಎಸೆದರೆ ಚೆಂಡು ಬೋರ್ಡಿಗೂ ತಾಗುತ್ತಿರಲಿಲ್ಲ. ಆದರೆ ಅವಳನ್ನು ದಾಟಿ ಹೋಗುವುದು ಎದುರಾಳಿಗಳಿಗೆ ತಲೆನೋವು ಎಂದು ನನ್ನ ಕಣ್ಣು ಹೇಳುತ್ತಿತ್ತು. ಪುಸ್ತಕ ಬೇರೆ ಹೇಳಿತು. ಅವಳ ಮುಂದೆ ಹತ್ತಕ್ಕೆ ನಾಲ್ಕು ಬಿದ್ದಿದ್ದವು. ನನಗೆ ಆಗ ಪುಸ್ತಕದ ಹುಚ್ಚು. ಕಣ್ಣಿಗೆ ಸುಮ್ಮನಿರು ಎಂದೆ.

ಈರಕ್ಕನಿಗೆ ಇದರಲ್ಲಿ ದೊಡ್ಡ ಆಸೆಯಿತ್ತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲೂಕಿಗೂ ಸೇರಿ ಒಂದು ಹುಡುಗಿಯರ ತಂಡ ತುಮಕೂರಿಗೆ ಹೋಗುತ್ತಿತ್ತು. ಹೋದವರಿಗೆ ಪ್ರಮಾಣಪತ್ರ. ಆ ಪ್ರಮಾಣಪತ್ರವಿದ್ದರೆ ಹತ್ತನೇ ಕ್ಲಾಸಾದ ಮೇಲೆ ಡ್ರಿಲ್ ಟೀಚರ್ ತರಬೇತಿಗೆ ಸೀಟು ಸಿಗುವುದು ಸುಲಭ.

“ಸೀಟು ಸಿಕ್ಕಿದ್ರೆ ಓದು, ಇಲ್ದಿದ್ರೆ ಹಟ್ಟಿಗೆ ಬಂದ್ಬುಡು ಅಂತ ನಮ್ಮಪ್ಪ ಅಂದ್ಬುಟ್ಟವ್ನೆ ಮೇಡಮ್,” ಎಂದು ಒಂದು ದಿನ ಹೇಳಿದಳು. ನನ್ನ ಸೀಟಿಯನ್ನೇ ನೋಡುತ್ತಿದ್ದಳು. “ನಂಗೂ ಇಂಥದೊಂದು ಸೀಟಿ ಹಾಕ್ಕಬೇಕು ಅಂತ ಐತೆ.”

ಆ ವರ್ಷ ಪ್ರತಿ ಶಾಲೆಯಿಂದ ಒಬ್ಬಳ ಹೆಸರು ಕೊಡಿ ಎಂದರು. ಬುಟ್ಟಿಗೆ ಹಾಕುವವರು ಎಲ್ಲ ಕಡೆಯೂ ಇದ್ದಾರೆ, ತಡೆಯುವವಳನ್ನು ನಾನು ಕೊಡುತ್ತೇನೆ ಎಂದು ಜಂಬ ಕೊಚ್ಚಿಕೊಂಡು ಸುಮಿತ್ರಾ ಹೆಸರು ಬರೆದೆ. ಈರಕ್ಕನಿಗೆ, ನಿಂದು ಇನ್ನೂ ಸಾಲದು, ಚೆನ್ನಾಗಿ ಅಭ್ಯಾಸ ಮಾಡು, ಎಂದೆ. ಅವಳು ಹೂಂ ಎಂದು ಹೋದಳು.

ತುಮಕೂರಿನಲ್ಲಿ ಸುಮಿತ್ರಾ ನಿಂತುಕೊಂಡಳು. ಅಷ್ಟೆ. ಎದುರು ತಂಡದ ಹುಡುಗಿಯರು ಅವಳ ಎಡಗಡೆಯಿಂದ ಹೋದರು, ಬಲಗಡೆಯಿಂದ ಹೋದರು, ಕೊನೆಕೊನೆಗೆ ಅವಳ ಭುಜ ತಟ್ಟಿ ಹೋದರು. ನಲ್ಲಿಯಲ್ಲಿ ನೀರು ಹಿಡಿದಂತೆ ಪಾಯಿಂಟು ಹಿಡಿದುಕೊಂಡು ಹೋದರು. ನಾಲ್ಕೂ ತಾಲೂಕಿನ ಡ್ರಿಲ್ ಮೇಷ್ಟ್ರುಗಳು ನನ್ನ ಕಡೆ ತಿರುಗಿ ನೋಡಿದರು. ನಾನು ನನ್ನ ಹಾಜರಿ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ವಾಪಸು ಬರುವಾಗ ಸಾಯಂಕಾಲದ ಬಸ್ಸು. ಕೊರಟಗೆರೆ ದಾಟಿದ ಮೇಲೆ ಎಡಗಡೆ ಸೀಟಿನ ಹುಡುಗಿಯರೆಲ್ಲ ಮುಖಕ್ಕೆ ಟವೆಲ್ಲು ಅಡ್ಡ ಹಿಡಿದರು. ಸುಮಿತ್ರಾ ಎದ್ದು ಬಂದು ನನ್ನ ಪಕ್ಕ ಕೂತಳು. “ಅಲ್ಲಿ ಬಿಸಿಲು ಕಣ್ಣಿಗೇ ಹೊಡೆಯುತ್ತೆ ಮೇಡಂ, ಏನೂ ಕಾಣಲ್ಲ.”

ಸೆರಗಿನಿಂದ ಹಾಜರಿ ಪುಸ್ತಕ ತೆಗೆದು ಮತ್ತೆ ನೋಡಿದೆ. ನಾವು ಅಭ್ಯಾಸ ಮಾಡುತ್ತಿದ್ದದ್ದು ಶಾಲೆ ಬಿಟ್ಟ ಮೇಲೆ. ಆಗ ಸೂರ್ಯ ಪಶ್ಚಿಮದ ಬೋರ್ಡಿನ ನೆತ್ತಿಯ ಮೇಲೇ ಇರುತ್ತಿದ್ದ. ಪೇಟೆಯ ಹುಡುಗಿಯರು ಮೊದಲೇ ಬಂದು ಪಶ್ಚಿಮದ ಕಡೆಯನ್ನು ಹಿಡಿದುಕೊಳ್ಳುತ್ತಿದ್ದರು, ಅಲ್ಲಿ ನಿಂತರೆ ಬಿಸಿಲು ಬೆನ್ನಿಗೆ. ಹಾಸ್ಟೆಲಿನವರು ಮತ್ತು ಹಳ್ಳಿಯವರಿಗೆ ಪೂರ್ವ, ಬಿಸಿಲು ನೇರ ಮುಖಕ್ಕೆ. ಅರ್ಧ ಆಟಕ್ಕೆ ಕಡೆ ಬದಲಿಸಬೇಕು ನಿಜ. ಬಸ್ಸಿಗೆ ಹೊತ್ತಾಗುತ್ತದೆಂದು ನಾನೇ ಅದನ್ನು ಕೈಬಿಟ್ಟಿದ್ದೆ. ಸುಮಿತ್ರಾ ಮುಂದೆ ಬಂದ ಹುಡುಗಿಯರೆಲ್ಲ ಕಣ್ಣು ಮುಚ್ಚಿಕೊಂಡು ಎಸೆಯುತ್ತಿದ್ದರು. ಈರಕ್ಕ ಕಣ್ಣು ಮುಚ್ಚಿಕೊಂಡು ತಡೆಯುತ್ತಿದ್ದಳು. ಆದರೂ ಹತ್ತಕ್ಕೆ ನಾಲ್ಕೇ ಬಿದ್ದಿದ್ದವು!

ಬಷೀರ್ ಮೇಷ್ಟ್ರಿಗೆ ಹೇಳಿದಾಗ ಅವರು ನಕ್ಕು ನಕ್ಕು ಕೆಮ್ಮಿದರು. “ಸೂರ್ಯನ್ನೇ ಟೀಮಿಗೆ ಸೇರಿಸ್ಕೊಳ್ಳಿ ಮೇಡಂ. ನಿಮ್ದು ಪುಸ್ತಕದಲ್ಲಿ ಅವ್ನೇ ಫಸ್ಟ್.”

ನನಗೆ ನಗು ಬರಲಿಲ್ಲ. ಒಂದು ಹುಡುಗಿಗೆ ಸಿಗಬೇಕಾದ್ದನ್ನು ನಾನು ಇನ್ನೊಬ್ಬಳ ಕೈಗೆ ಕೊಟ್ಟಿದ್ದೆ, ಅದೂ ನಾನೇನೂ ಮಾಡಲ್ಲ ಎಂದು ಬಾಯಿಬಿಟ್ಟು ಹೇಳಿದ್ದವಳ ಕೈಗೆ. ಈರಕ್ಕನನ್ನು ಕರೆದು ತಪ್ಪಾಯಿತು ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಮೇಡಂ ಎನಿಸಿಕೊಂಡವರು ಮಕ್ಕಳ ಮುಂದೆ ತಪ್ಪು ಒಪ್ಪಿಕೊಳ್ಳುವ ಕಾಲವಲ್ಲ ಅದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಬರೀ ನೆಪ.

ಮಾರನೆಯ ದಿನದಿಂದ ಕಡೆ ಬದಲಿಸಿ ಆಡಿಸಿದೆ. ಪುಸ್ತಕದಲ್ಲಿ ಹೊಸ ಎರಡು ಕಾಲಂ: ಬಿಸಿಲಿಗೆ ಬೆನ್ನು, ಬಿಸಿಲಿಗೆ ಮುಖ. ಒಂದು ತಿಂಗಳಲ್ಲಿ ಸುಮಿತ್ರಾ ಪಟ್ಟಿಯ ತಳಕ್ಕೆ ಹೋದಳು, ಹೋಗಿ ಬಹಳ ಸಂತೋಷಪಟ್ಟಳು. ಈರಕ್ಕ ಎರಡು ಕಾಲಮಿನಲ್ಲೂ ಎಲ್ಲರಿಗಿಂತ ಮೇಲೆ. ಪಾವಗಡದಲ್ಲಿ ಒಂದು ಸ್ನೇಹದ ಪಂದ್ಯ ಆಡಿಸಿದಾಗ ಅಲ್ಲಿನ ಜನ ಗೆರೆಯ ಪಕ್ಕ ನಿಂತು ತೆಲುಗಿನಲ್ಲಿ “ಪಟ್ಟುಕೋ, ಪಟ್ಟುಕೋ”, ಹಿಡ್ಕೋ ಹಿಡ್ಕೋ, ಎಂದು ಕೂಗುತ್ತಿದ್ದರು. ಇವಳು ಯಾರನ್ನೂ ಮುಟ್ಟುತ್ತಿರಲಿಲ್ಲ. ಎದುರಿನವಳು ಹೋಗಬೇಕೆಂದ ಕಡೆ ಮೊದಲೇ ಹೋಗಿ ನಿಂತಿರುತ್ತಿದ್ದಳು.

“ಹೆಂಗೆ ಗೊತ್ತಾಗುತ್ತೆ ನಿಂಗೆ?” ಎಂದೆ.

“ಕೈ ನೋಡಿದ್ರೆ ಮೋಸ ಹೋಗ್ತೀವಿ ಮೇಡಮ್, ತಲೆ ನೋಡಿದ್ರೂ ಅಷ್ಟೇಯ. ಹೊಟ್ಟೆ ನೋಡ್ಬೇಕು. ಮೇಕೆ ತಲೆ ಆ ಕಡೆ ತೋರಿಸ್ತದೆ, ಆದ್ರೆ ಹೊಟ್ಟೆ ಬುಟ್ಟು ಎಲ್ಗೂ ಹೋಗಾಕಾಗಲ್ಲ.”

ನಾನು ತರಬೇತಿಯಲ್ಲಿ ಕಲಿತದ್ದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬಂತು.

ಆದರೆ ಹಿಂದಿನ ವರ್ಷದ ಸೋಲಿನಿಂದ ಶಾಲೆಗಳಿಂದ ಹೆಸರು ಕೇಳುವುದನ್ನೇ ನಿಲ್ಲಿಸಿದ್ದರು. ಈ ಸಲ ಆಯ್ಕೆ ಇಲಾಖೆಯ ದೈಹಿಕ ಶಿಕ್ಷಣ ಪರಿವೀಕ್ಷಕರದ್ದು. ಮರಿಸ್ವಾಮಯ್ಯ ಎಂದಿಟ್ಟುಕೊಳ್ಳಿ. ಒಂದು ಕಾಲಕ್ಕೆ ಗುಂಡು ಎಸೆದು ಬಹುಮಾನ ಪಡೆದವರಂತೆ. ನಾನು ಕಂಡಂತೆ ಅವರು ಎಸೆಯುತ್ತಿದ್ದದ್ದು ನಮ್ಮ ಅರ್ಜಿಗಳನ್ನು ಮಾತ್ರ. ಹುಡುಗಿಯರನ್ನು ಗೋಡೆಗೆ ನಿಲ್ಲಿಸಿ ಎತ್ತರ ನೋಡುವುದು, ಪಾಯಿಂಟು ಕೇಳುವುದು, ಅಪ್ಪ ಯಾರು ಎಂದು ಕೇಳುವುದು, ಇಷ್ಟರಲ್ಲಿ ಅವರ ಆಯ್ಕೆ ಮುಗಿಯುತ್ತಿತ್ತು. ಈರಕ್ಕ ಆಗ ಹತ್ತನೇ ಕ್ಲಾಸು. ಇದು ಬಿಟ್ಟರೆ ಅವಳಿಗೆ ಇನ್ನೊಂದು ಅವಕಾಶವಿರಲಿಲ್ಲ. ಪುಸ್ತಕ ಹಿಡಿದುಕೊಂಡು ಅವರ ಕಚೇರಿಗೇ ಹೋದೆ.

“ಎಷ್ಟು ಪಾಯಿಂಟ್ ಹಾಕವ್ಳೆ ಮೇಡಮ್ನೋರೆ ಈ ಹುಡುಗಿ?”

“ಈ ವರ್ಷ ಒಂದೂ ಇಲ್ಲ ಸಾರ್. ಆದರೆ ಬೇರೆಯವರು ಹಾಕದೇ ಇರೋ ಹಾಗೆ...”

“ಒಂದೂ ಇಲ್ವಾ! ಮತ್ತೆ ಟೀಮಿಗ್ಯಾಕೆ, ಚೆಂಡು ಹೊರಾಕಾ?” ಎಂದು ಗುಮಾಸ್ತರ ಕಡೆ ನೋಡಿ ನಕ್ಕರು. ಗುಮಾಸ್ತರೂ ಕರ್ತವ್ಯ ಎಂದು ನಕ್ಕರು. “ಆಗದೇ ಇರೋದನ್ನೆಲ್ಲ ಬರೆಯಾಕೆ ಹೋದ್ರೆ ನಮ್ಮ ಇಲಾಖೆಯಾಗೆ ಪೇಪರ್ ಸಾಕಾಗ್ತದೇನಮ್ಮ? ಇಷ್ಟಕ್ಕೂ ಇದು ಯಾವ ನಮೂನೆ? ಹಾಜರಿ ಪುಸ್ತಕದಾಗೆ ಬರ್ಕೊಂಡ್ ಬಂದ್ರೆ ನಾನು ಹೆಂಗೆ ನೋಡ್ಲಿ? ನಮೂನೆ ಎಲ್ಲಿ?”

ಮಧುಗಿರಿಗೆ ಬರುವ ದಾರಿಯುದ್ದಕ್ಕೂ ಅವರ ಕೊನೆಯ ಮಾತು ಕಿವಿಯಲ್ಲಿತ್ತು. ಅವರು ಲೆಕ್ಕವನ್ನು ಬೇಡ ಎಂದಿರಲಿಲ್ಲ. ನಮೂನೆ ಕೇಳಿದ್ದರು.

ಮುಂದಿನ ಭಾನುವಾರ ಶಾಲೆಯ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಕೂತು ನಾನೇ ಒಂದು ಸ್ಟೆನ್ಸಿಲ್ ಕೊರೆದೆ. ಮೇಲೆ “ನಮೂನೆ ೭(ಬಿ)”. ಕೆಳಗೆ “ಬಾಸ್ಕೆಟ್ ಬಾಲ್ (ಬಾಲಕಿಯರು): ತಡೆ ಸಾಮರ್ಥ್ಯದ ವಿವರ ಪಟ್ಟಿ”. ಆರು ಕಾಲಂ. ಆರನೆಯದು ಬಿಸಿಲಿನದು, ಅದರಲ್ಲಿ ಎರಡು ಉಪಕಾಲಂ. ಅಡಿಯಲ್ಲಿ “ತ್ರಿಪ್ರತಿಯಲ್ಲಿ ಸಲ್ಲಿಸತಕ್ಕದ್ದು. ಯಾವ ಕಾಲಮನ್ನೂ ಖಾಲಿ ಬಿಡತಕ್ಕದ್ದಲ್ಲ.” ಯಾರ ಸಹಿಯನ್ನೂ ಹಾಕಲಿಲ್ಲ, ಯಾವ ಮೊಹರನ್ನೂ ಒತ್ತಲಿಲ್ಲ. ಕೈ ಮಸಿಯಾಯಿತು, ಅಷ್ಟೆ. ಬಷೀರ್ ಮೇಷ್ಟ್ರು ಅದನ್ನು ಓದಿ, “ನೌಕರಿ ಹೋದ್ರೆ ಸಿರಾಕ್ಕೆ ಬನ್ನಿ ಮೇಡಂ, ನಮ್ಮ ಮನೆ ಪಕ್ಕ ಒಂದು ಅಂಗಡಿ ಖಾಲಿ ಇದೆ,” ಎಂದರು.

ಆಯ್ಕೆ ನಮ್ಮ ಕೋರ್ಟಿನಲ್ಲೇ ನಡೆಯಿತು. ಪರಿವೀಕ್ಷಕರು ಬಂದು ಕೂತ ತಕ್ಷಣ ಮೂರು ಪ್ರತಿ ಮುಂದಿಟ್ಟೆ. ಅವರು ತಿರುವಿ ನೋಡಿದರು.

“ಇದು ಯಾವಾಗ ಬಂತು?”

“ಹೊಸದು ಸಾರ್.”

“ಏಳು ಎ ಎಲ್ಲಿ?”

“ಅದು ಹುಡುಗರದು ಸಾರ್.”

“ಹೌದೌದು,” ಎಂದರು, ಗೊತ್ತಿದ್ದವರ ಹಾಗೆ. ಪೆನ್ನು ತೆಗೆದರು. ಆಮೇಲೆ ನಾನು ಏನೂ ಮಾಡಬೇಕಾಗಲಿಲ್ಲ. ಅರ್ಧ ಆಟ ಮುಗಿದಾಗ ಹುಡುಗಿಯರು ಕಡೆ ಬದಲಿಸದೆ ನಿಂತರೆ ಅವರೇ ಎದ್ದು ಕೂಗಿದರು: “ಲೇ, ಆ ಕಡೆ ಹೋಗ್ರಮ್ಮ! ಬಿಸಿಲಿಗೆ ಮುಖದ ಕಾಲಂ ಖಾಲಿ ಐತೆ!” ಒಂದೊಂದು ಎಸೆತಕ್ಕೂ “ಬಿತ್ತಾ? ಬೀಳ್ಲಿಲ್ವಾ? ಮುಂದೆ ಯಾರಿದ್ದೋರು?” ಎಂದು ವಿಚಾರಿಸಿ ಬರೆದುಕೊಂಡರು. ಬಷೀರ್ ಮೇಷ್ಟ್ರು ಪಕ್ಕದಲ್ಲಿ ಗಂಭೀರವಾಗಿ ಭಾಗಾಕಾರ ಮಾಡಿಕೊಟ್ಟರು.

ಕೊನೆಯ ಒಂದು ಸ್ಥಾನಕ್ಕೆ ಸಿರಾದ ಎತ್ತರದ ಹುಡುಗಿಯೊಬ್ಬಳ ಹೆಸರು ಪರಿವೀಕ್ಷಕರ ಜೇಬಿನ ಚೀಟಿಯಲ್ಲಿ ಆಗಲೇ ಇತ್ತು. ಚೀಟಿ ತೆಗೆದರು, ನಮೂನೆ ನೋಡಿದರು, ಮತ್ತೆ ಚೀಟಿ ನೋಡಿದರು. ನಮೂನೆಯಲ್ಲಿ ಅವರದೇ ಕೈಬರಹದಲ್ಲಿ ಈರಕ್ಕನ ಹೆಸರು ಎಲ್ಲರಿಗಿಂತ ಮೇಲಿತ್ತು, ಅದೂ ಮೂರು ಪ್ರತಿಗಳಲ್ಲಿ. ಚೀಟಿ ಜೇಬಿಗೆ ವಾಪಸು ಹೋಯಿತು. ಈರಕ್ಕನ ಹೆಸರಿನ ಮುಂದೆ ಸಹಿ ಬಿತ್ತು. ಆ ದಿನ ಅವಳು ಒಂದೇ ಒಂದು ಪಾಯಿಂಟು ಹಾಕಿರಲಿಲ್ಲ.

ಆ ವರ್ಷ ತುಮಕೂರಿನಲ್ಲಿ ನಾವು ಗೆಲ್ಲಲಿಲ್ಲ. ಗೆದ್ದೆವು ಎಂದು ಬರೆದರೆ ನಿಮಗೆ ಇಷ್ಟವಾಗುತ್ತಿತ್ತು, ಆದರೆ ಗೆಲ್ಲಲಿಲ್ಲ. ಸ್ವಲ್ಪದರಲ್ಲಿ ಸೋತೆವು. ಈರಕ್ಕನಿಗೆ ಪ್ರಮಾಣಪತ್ರ ಸಿಕ್ಕಿತು, ಸೀಟು ಸಿಕ್ಕಿತು. ಪರಿವೀಕ್ಷಕರು ಸನ್ಮಾನದ ಭಾಷಣದಲ್ಲಿ, ಈ ಪ್ರತಿಭೆಯನ್ನು ಮೊದಲು ಗುರುತಿಸಿದ್ದು ನಾನು, ಎಂದರು. ದಾಖಲೆ ತೆಗೆದು ನೋಡಿದರೆ ಅದು ನಿಜವೇ, ಸಹಿ ಅವರದೇ.

ನಮೂನೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ದಿನ ನನ್ನ ಹೆಸರಿಗೆ ನೋಟಿಸು ಬಂತು. ನಮೂನೆ ೭(ಬಿ)ಯನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸದ ಬಗ್ಗೆ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಕಾರಣ ಕೊಡಿ ಎಂದು. ಜೊತೆಗೆ ಅಚ್ಚು ಹಾಕಿಸಿದ ನಮೂನೆ. ನನ್ನ ಅಕ್ಷರಗಳೇ ಅಚ್ಚಾಗಿ ಬಂದಿದ್ದವು. ಒಂದೇ ಬದಲಾವಣೆ: ಆರನೇ ಕಾಲಂ ಇರಲಿಲ್ಲ. ಬಿಸಿಲಿಗೂ ಆಟಕ್ಕೂ ಸಂಬಂಧವಿಲ್ಲವೆಂದು ಮೇಲಿನವರು ತೆಗೆಸಿದ್ದರಂತೆ. ಎಷ್ಟು ಶಾಲೆಗಳಲ್ಲಿ ಎಷ್ಟು ಸುಮಿತ್ರಾಗಳು ಆಯ್ಕೆಯಾದರೋ, ಎಷ್ಟು ಈರಕ್ಕಗಳು ಹಟ್ಟಿಗೆ ವಾಪಸಾದರೋ ಎಂದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ನೋಟಿಸಿಗೆ ಕ್ಷಮೆ ಕೇಳಿ ಉತ್ತರ ಬರೆದೆ, ತ್ರಿಪ್ರತಿಯಲ್ಲಿ.

ನಿವೃತ್ತಿಗೆ ಮುಂಚಿನ ವರ್ಷ ಪಾವಗಡದ ಕಡೆಯ ಒಂದು ಶಾಲೆಗೆ ಪಂದ್ಯ ನೋಡಲು ಹೋದೆ. ಅಲ್ಲಿನ ಡ್ರಿಲ್ ಮೇಡಂ ಈರಕ್ಕ. ಕೊರಳಲ್ಲಿ ಸೀಟಿ. ನನಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿ, ಎಳನೀರು ಕೊಟ್ಟು, ತಾನು ಕೋರ್ಟಿನ ಪೂರ್ವದ ಗೆರೆಯ ಹತ್ತಿರ ಹೋಗಿ ನಿಂತಳು, ಸಾಯಂಕಾಲದ ಬಿಸಿಲಿಗೆ ಮುಖ ಮಾಡಿ. ಕೈಯಲ್ಲಿ ಹಳೆಯ ಹಾಜರಿ ಪುಸ್ತಕ. ಎದ್ದು ಹತ್ತಿರ ಹೋಗಿ ನೋಡಿದೆ. ಅಚ್ಚಿನ ನಮೂನೆಯಲ್ಲಿ ಇಲ್ಲದ ಆರನೇ ಕಾಲಮನ್ನು ಅವಳು ಸ್ಕೇಲು ಹಿಡಿದು ಎಳೆದುಕೊಂಡಿದ್ದಳು.

“ನೆರಳಿಗೆ ಬಾರೇ, ಅಲ್ಲಿಂದಲೇ ಬರೀಬಹುದು,” ಎಂದೆ.

“ಇಲ್ಲಿಂದ ನೋಡಿದ್ರೇನೆ ಸರಿಯಾಗಿ ಗೊತ್ತಾಗೋದು ಮೇಡಮ್.”

ಆಗ ಹೇಳಿದೆ. ಒಂಬತ್ತನೇ ಕ್ಲಾಸಿನಲ್ಲಿ ಅವಳನ್ನು ಬಿಟ್ಟದ್ದು ಅವಳ ಆಟ ಸಾಲದು ಎಂದಲ್ಲ, ನನ್ನ ಲೆಕ್ಕ ತಪ್ಪಿತ್ತು, ಬಿಸಿಲನ್ನು ಬಿಟ್ಟು ಲೆಕ್ಕ ಹಾಕಿದ್ದೆ, ತಪ್ಪಾಯಿತು ಎಂದೆ. ಇಷ್ಟು ವರ್ಷ ಹೊತ್ತುಕೊಂಡಿದ್ದ ಮಾತು ಅದು.

ಅವಳು ಆಟದ ಮೇಲಿನ ಕಣ್ಣು ತೆಗೆಯಲಿಲ್ಲ.

“ಗೊತ್ತಿತ್ತು ಮೇಡಮ್. ನಾವೆಲ್ಲ ಬಿಸಿಲಾಗೇ ನಿಂತಿದ್ವಲ್ಲ.”

“ಗೊತ್ತಿತ್ತಾ? ಮತ್ತೆ ಹೇಳಬಾರದಾಗಿತ್ತೇನೆ ನಂಗೆ?”

“ಹೇಳಾಣ ಅಂತ ಎರಡು ಸಲ ಬಂದೆ. ನೀವು ನೆಳ್ಳಾಗೆ ಕೂತ್ಕಂಡು ಬರೀತಾ ಇದ್ರಿ. ತಲೆ ಎತ್ಲಿಲ್ಲ.”

ಅಷ್ಟರಲ್ಲಿ ಎದುರು ತಂಡದವಳು ಎಸೆದಳು. ಈರಕ್ಕ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. ಚೆಂಡು ಒಳಗೆ ಬೀಳಲಿಲ್ಲ. ಅದನ್ನು ಬರೆದುಕೊಂಡಳು.